ಸಿಟ್ಟಲ್ಲ, ಮುನಿಸು

ಸಿಟ್ಟು ನನ್ನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಲಿನ ಹಾಗೆ ಉಕ್ಕುತ್ತದೆ, ಒಲೆಯ ಮೇಲೆ ಒಂದಿಷ್ಟು ಚೆಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಬಟ್ಟೆ ತಂದು ಒರೆಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಮುನಿಸಿನ ವಿಷಯ ಹಾಗಲ್ಲ. ಮುನಿಸಿಕೊಳ್ಳುವುದರಲ್ಲಿ ನನ್ನದು ಪಳಗಿದ ಕೈ. ಹೆಪ್ಪು ಹಾಕಿ ಮುಚ್ಚಿಟ್ಟ ಹಾಲಿನಂತೆ, ಯಾರೂ ಅಲುಗಾಡಿಸದಿದ್ದರೆ ನನ್ನ ಮುನಿಸು ತನ್ನಷ್ಟಕ್ಕೆ ತಾನೇ ಗಟ್ಟಿಯಾಗುತ್ತ ಹೋಗುತ್ತದೆ. ಇದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆ ಎಂದು ನೀವು ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ದನಿಯಲ್ಲಿ ಒಂದು ಚೂರು ಹೆಮ್ಮೆ ಕೇಳಿಸಿದರೆ ಅದೂ ಸುಳ್ಳಲ್ಲ.

ಜನ ಈ ಎರಡು ಮಾತನ್ನು ಒಂದೇ ಚೀಲದಲ್ಲಿ ಹಾಕುತ್ತಾರೆ. ಮಾತು ಬಿಟ್ಟವರನ್ನೆಲ್ಲ ‘ಸಿಟ್ಟಾಗಿದ್ದಾರೆ’ ಎಂದುಬಿಡುತ್ತಾರೆ. ಆದರೆ ಕನ್ನಡ ಭಾಷೆ ಅಷ್ಟು ದಡ್ಡ ಭಾಷೆಯಲ್ಲ. ಸಿಟ್ಟು ‘ಬರುತ್ತದೆ’, ಹೇಳದೆ ಕೇಳದೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ನೆಂಟರ ಹಾಗೆ. ಮುನಿಸು ಮಾತ್ರ ಬರುವುದಿಲ್ಲ. ಅದನ್ನು ನಾವು ಮುನಿಸಿ‘ಕೊಳ್ಳು’ತ್ತೇವೆ. ಉಟ್ಟುಕೊಂಡ ಹಾಗೆ, ತಲೆ ಬಾಚಿಕೊಂಡ ಹಾಗೆ, ನಮಗಾಗಿ ನಾವೇ ಮಾಡಿಕೊಳ್ಳುವ ಕೆಲಸ ಅದು. ಸಿಟ್ಟಿಗೆ ಯಾರಾದರೂ ನಡೆಯುತ್ತದೆ. ನೀರಿನ ಟ್ಯಾಂಕರು ತಡ ಮಾಡಿದರೆ ಅದರ ಡ್ರೈವರನ ಮೇಲೆ ಸಿಟ್ಟು ಬರುತ್ತದೆ. ಕೈ ತೋರಿಸಿದರೂ ನಿಲ್ಲಿಸದೆ ಹೋದ ಬಸ್ಸಿನ ಮೇಲೆ ಬರುತ್ತದೆ. ಆದರೆ ಟ್ಯಾಂಕರಿನ ಡ್ರೈವರನ ಮೇಲೆ ಮುನಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ ಹೆಂಗಸನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಮಲಗಿ ಪ್ರಯೋಜನವೂ ಇಲ್ಲ. ಆತ ಬಂದು ‘ಏಳವ್ವ, ಊಟ ಮಾಡು’ ಎನ್ನುವುದಿಲ್ಲ. ಸಿಟ್ಟಿಗೆ ಒಂದು ಕಾರಣ ಸಾಕು. ಮುನಿಸಿಗೆ ಒಬ್ಬರು ಮನುಷ್ಯರು ಬೇಕು, ಬಂದೇ ಬರುತ್ತಾರೆ ಎಂಬ ನಂಬಿಕೆ ಬೇಕು.

ಮುನಿಗೂ ಮುನಿಸಿಗೂ ಸಂಬಂಧವಿಲ್ಲ, ಒಂದು ಸಂಸ್ಕೃತದ್ದು, ಒಂದು ನಮ್ಮದು ಎಂದು ಪಂಡಿತರು ಹೇಳಬಹುದು. ಇರಲಿ. ಇಬ್ಬರೂ ಮೌನವ್ರತದವರೇ. ವ್ಯತ್ಯಾಸ ಇಷ್ಟೇ: ಮುನಿಗೆ ಯಾರೂ ಬರುವುದು ಬೇಡ, ಮುನಿಸಿಕೊಂಡವರ ಕಿವಿ ಬಾಗಿಲಲ್ಲೇ ಇರುತ್ತದೆ.

ನಾನು ನಾಗಣಸೂರಿನ ಒಕ್ಕಲುತನದ ಮನೆಯ ಮಗಳು. ಲಗ್ನವಾಗಿ ಸೊಲ್ಲಾಪುರದ ಮಂಗಳವಾರ ಪೇಠೆಗೆ ಬಂದಾಗ ನನಗೆ ಜೋಳದ ರೊಟ್ಟಿ ಬಡಿಯುವುದು ಗೊತ್ತಿತ್ತು, ಮರಾಠಿ ಗೊತ್ತಿರಲಿಲ್ಲ. ಅತ್ತೆಯ ಮನೆಯವರದು ಪಾತ್ರೆಯ ವ್ಯಾಪಾರ. ಮರಾಠಿಯಲ್ಲಿ ಪಾತ್ರೆಗೆ ‘ಭಾಂಡೆ’ ಎನ್ನುತ್ತಾರೆ, ಜಗಳಕ್ಕೆ ‘ಭಾಂಡಣ’ ಎನ್ನುತ್ತಾರೆ. ಎರಡೂ ಸಪ್ಪಳದ ಸಾಮಾನೇ ಆದ್ದರಿಂದ ಒಂದೇ ಅಂಗಡಿಯಲ್ಲಿ ಸಿಗುತ್ತವೆಂದು ನಾನು ಕೆಲವು ದಿನ ನಂಬಿದ್ದೆ. ಆ ಮನೆಯಲ್ಲಿ ನನಗಿಂತ ಮೊದಲು ಬಂದ ಸೊಸೆ ಸುಗಲಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ಪುಸ್ತಕದಲ್ಲಿ ವಾರಗಿತ್ತಿ ಎಂದು ಬರೆಯುತ್ತಾರೆ. ನಮ್ಮ ಕಡೆ ನೆಗೆಣ್ಣಿ. ನೆಗೆಣ್ಣಿಯರು ಜಗಳವಾಡಬೇಕು ಎಂಬುದು ಲೋಕದ ರೂಢಿ. ನಾವು ಆ ರೂಢಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ.

ಬಂದ ಹೊಸತರಲ್ಲಿ ಒಂದು ದಿನ ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರೂ ‘ಬಾಯಿ’ ಎನ್ನುವವರು, ನನ್ನನ್ನು ಕರೆದು, ‘ತುಝೀ ಜಾಊ ರಾಗಾವಲೀಯ’ ಎಂದರು. ಜಾಊ ಎಂದರೆ ನೆಗೆಣ್ಣಿ ಎಂದು ಅಷ್ಟರಲ್ಲಿ ಕಲಿತಿದ್ದೆ. ರಾಗ ಎಂದರೆ ರಾಗ. ಸುಗಲಕ್ಕ ರಾಗ ಹಾಡುತ್ತಿದ್ದಾಳೆ ಎಂದು ತಿಳಿದು, ಇಂಥ ಗುಣ ಈಕೆಯಲ್ಲಿದೆಯಲ್ಲ ಎಂದು ಸಂತೋಷಪಟ್ಟು, ಕೇಳಲು ಅಡುಗೆಮನೆಗೆ ಓಡಿದೆ. ಅಲ್ಲಿ ಆಕೆ ಲಟ್ಟಣಿಗೆ ಹಿಡಿದು ನಿಂತಿದ್ದಳು. ನಾನು ಬೇಳೆಯನ್ನು ತಳ ಹತ್ತಿಸಿ ಬಂದಿದ್ದೆ. ಮರಾಠಿಯಲ್ಲಿ ರಾಗವೆಂದರೆ ಸಿಟ್ಟು ಎಂದು ನನಗೆ ಯಾರೂ ಹೇಳಿರಲಿಲ್ಲ. ‘ಹಾಡಕ್ಕ, ನಿಲ್ಲಿಸಬ್ಯಾಡ’ ಎಂದೆ. ಆಕೆ ಒಂದು ಕ್ಷಣ ನನ್ನನ್ನೇ ನೋಡಿದಳು. ಬಾಗಿಲಲ್ಲಿ ನಿಂತ ಆ ಬಾಯಿಯ ಮುಖ ನೋಡಿದಳು. ಸಂಗತಿ ತಿಳಿದು, ಲಟ್ಟಣಿಗೆಯನ್ನು ಹಿಟ್ಟಿನ ಪರಾತದಲ್ಲಿ ಬಿಟ್ಟು ನೆಲಕ್ಕೆ ಕುಳಿತು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಸಿಟ್ಟು ಎಷ್ಟು ಬಡಪಾಯಿ ವಸ್ತು ನೋಡಿ. ಒಂದು ನಗು ಬಂದರೆ ಜಾಗ ಬಿಟ್ಟು ಎದ್ದು ಹೋಗುತ್ತದೆ.

ಸುಗಲಕ್ಕನದು ಸಿಟ್ಟಿನ ಜಾತಿ, ನನ್ನದು ಮುನಿಸಿನ ಜಾತಿ. ಆಕೆ ಬಾಯಿ ಮಾಡಿ ಮುಗಿಸುತ್ತಿದ್ದಳು. ನಾನು ಬಾಯಿ ಮುಚ್ಚಿ ಶುರುಮಾಡುತ್ತಿದ್ದೆ. ಆದರೆ ನನ್ನ ಮುನಿಸನ್ನು ಇಳಿಸುವ ವಿದ್ಯೆ ಆ ಮನೆಯಲ್ಲಿ ಆಕೆಯೊಬ್ಬಳಿಗೇ ಬರುತ್ತಿತ್ತು. ಏನಾಯಿತು ಎಂದು ಕೇಳುತ್ತಿರಲಿಲ್ಲ. ಪಕ್ಕಕ್ಕೆ ಬಂದು ಕುಳಿತು ಶೇಂಗಾ ಸುಲಿಯುತ್ತ, ಬೇರೆ ಯಾರನ್ನೋ ಬೈಯುತ್ತಿದ್ದಳು. ಬೈಯುತ್ತ ಬೈಯುತ್ತ ಬೇಕೆಂದೇ ಒಂದು ತಪ್ಪು ಹೆಸರು ಹೇಳುತ್ತಿದ್ದಳು. ನಾನು ತಡೆಯಲಾರದೆ ‘ಆಕಿ ಅಲ್ಲಕ್ಕ, ಆಕಿ ತಂಗಿ’ ಎಂದು ತಿದ್ದುತ್ತಿದ್ದೆ. ಮಾತು ಹೊರಗೆ ಬಂತೆಂದರೆ ಮುನಿಸು ಮುಗಿಯಿತು. ಪ್ರತಿ ಸಲವೂ ಅದೇ ಬಲೆ, ಪ್ರತಿ ಸಲವೂ ನಾನೇ ಮೀನು.

ನನ್ನ ಗಂಡನಿಗೆ ಇದೆಲ್ಲ ತಿಳಿಯುತ್ತಿರಲಿಲ್ಲ. ಒಳ್ಳೆಯವರು, ಆದರೆ ಅಂಗಡಿಯಲ್ಲಿ ದಿನವಿಡೀ ಪಾತ್ರೆಯ ಸಪ್ಪಳ ಕೇಳಿ ಕೇಳಿ, ಸಪ್ಪಳವಿಲ್ಲದ ವಸ್ತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಒಮ್ಮೆ ಅವರ ಮೇಲೆ ಸುಮಾರು ದಿನ ಮುನಿಸಿಕೊಂಡು ಮಾತು ಬಿಟ್ಟಿದ್ದೆ. ಕೊನೆಗೆ ಅವರು ಊಟಕ್ಕೆ ಕುಳಿತವರು ತೃಪ್ತಿಯಿಂದ ‘ಈಗೀಗ ಮನ್ಯಾಗ ಭಾಳ ಶಾಂತ ಅದ ನೋಡು’ ಎಂದರು. ಅಂಥವರ ಮೇಲೆ ಮುನಿಸಿಕೊಳ್ಳುವುದು ಅನ್ನ ಕೆಡಿಸಿದ ಹಾಗೆ.

ಭಾವನವರು, ಸುಗಲಕ್ಕನ ಗಂಡ, ತೀರಿಕೊಂಡ ಮೇಲೆ ಮನೆ ಎರಡಾಯಿತು. ಜಗಳವಾಗಿ ಅಲ್ಲ. ಸುಗಲಕ್ಕನ ಮಗ ಮಹಾಂತೇಶನಿಗೆ ಅಕ್ಕಲಕೋಟದಲ್ಲಿ ದೇವಸ್ಥಾನದ ಹಾದಿಯಲ್ಲಿ ಒಂದು ಒಳ್ಳೆಯ ಜಾಗ ಸಿಕ್ಕಿತು. ಅಲ್ಲಿ ತಾಮ್ರ, ಹಿತ್ತಾಳೆಯ ಪೂಜೆಯ ಸಾಮಾನಿಗೆ ಗಿರಾಕಿ ಹೆಚ್ಚು. ನಾವು ವಿಜಾಪುರ ರಸ್ತೆಯಲ್ಲಿ ಮನೆ ತೆಗೆದುಕೊಂಡೆವು. ಹಂಚಿಕೆಯಲ್ಲಿ ಒಂದು ಚಮಚಕ್ಕೂ ಮಾತು ಬೆಳೆಯಲಿಲ್ಲ. ಬೆಳೆದಿದ್ದರೆ ಚೆನ್ನಾಗಿತ್ತೇನೋ. ಬೈದಾಡಿಕೊಂಡು, ಅತ್ತು, ಹಗುರಾಗುತ್ತಿದ್ದೆವು.

ಸುಗಲಕ್ಕ ಹೊರಡುವ ಬೆಳಿಗ್ಗೆ ಟೆಂಪೋ ಬಾಗಿಲಿಗೆ ಬಂದು ನಿಂತಿತು. ನಾನು ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು ನಲ್ಲಿ ಬಿಟ್ಟೆ. ಜಳಕಕ್ಕೆ ಅಲ್ಲ. ಅಳುವುದು ಯಾರಿಗೂ ಕೇಳಿಸಬಾರದು ಎಂದು. ಒಳಗೆ ನಿಂತು ನಾನು ಲೆಕ್ಕ ಹಾಕಿದ್ದು ಬೇರೆ. ಆಕೆ ಬಂದು ಕದ ಬಡಿಯುತ್ತಾಳೆ, ‘ಶಶೀ, ಹೋಗಿ ಬರ್ತೀನಿ’ ಅನ್ನುತ್ತಾಳೆ, ಆಗ ತೆರೆದರಾಯಿತು ಎಂದುಕೊಂಡಿದ್ದೆ. ಕದ ಯಾರೂ ಬಡಿಯಲಿಲ್ಲ. ಟೆಂಪೋದ ಹಾರ್ನು ಕೇಳಿಸಿತು, ಆಮೇಲೆ ಓಣಿ ತಿರುಗುವ ಸಪ್ಪಳ ಕೇಳಿಸಿತು. ಹೇಳದೆ ಹೋದಳು. ನಾನು ಮುಖ ತೊಳೆದುಕೊಂಡು ಹೊರಗೆ ಬಂದು ಮುನಿಸಿಕೊಂಡೆ. ಅಕ್ಕಲಕೋಟವೇನು ಕಾಶಿಯೇ? ಎಸ್.ಟಿ. ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಆದರೆ ಮುನಿಸಿಕೊಂಡವರು ತಾವಾಗಿ ಹೋಗುವಂತಿಲ್ಲ, ಅದು ಆ ವ್ರತದ ನಿಯಮ. ನಾನು ಕಾದೆ. ಹಬ್ಬಗಳು ಬಂದವು, ಹೋದವು. ಮಹಾಂತೇಶ ಫೋನ್ ಮಾಡುತ್ತಿದ್ದ, ಆಕೆ ಮಾಡಲಿಲ್ಲ.

ಆಮೇಲೆ ನನ್ನ ಗಂಡ ಹೋದರು. ಅಂಗಡಿಯಲ್ಲಿ ಕುಳಿತವರು ಕುಳಿತಲ್ಲೇ ಹೋದರು. ಆ ದಿನ ಬಾಗಿಲಿಗೆ ಬಂದ ಪ್ರತಿ ರಿಕ್ಷಾದಲ್ಲಿ ನಾನು ಸುಗಲಕ್ಕನನ್ನು ಹುಡುಕಿದೆ. ಮಹಾಂತೇಶ ಒಬ್ಬನೇ ಇಳಿದ. ‘ಅವ್ವಗ ಆರಾಮಿಲ್ಲ ಕಾಕು’ ಎಂದ, ಕಣ್ಣು ತಪ್ಪಿಸಿ. ಬಂದವರೆಲ್ಲ ನನ್ನನ್ನು ನೋಡಿ ಅತ್ತರು. ನಾನು ತಲೆಯಿಟ್ಟು ಅಳಬೇಕಾಗಿದ್ದ ಹೆಗಲು ಮಾತ್ರ ಬರಲಿಲ್ಲ. ನನ್ನ ಮುನಿಸು ಅವತ್ತು ಸಿಟ್ಟಾಗಿ ಹೋಯಿತು. ಸಾಮಾನ್ಯವಾಗಿ ಸಿಟ್ಟು ಇಳಿದು ಮುನಿಸಾಗುತ್ತದೆ. ಮುನಿಸು ಏರಿ ಸಿಟ್ಟಾಯಿತೆಂದರೆ ಒಂದು ಬಾಗಿಲು ಮುಚ್ಚಿತು ಎಂದೇ ಅರ್ಥ. ಬರುತ್ತಾರೆ ಎಂಬ ನಂಬಿಕೆ ಅಲ್ಲಿ ಇರುವುದಿಲ್ಲ.

ಅನಂತರದ ದಿನಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಅಂಗಡಿಗೆ ಹೋಗುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ನನ್ನನ್ನು ಹೂವಿನಂತೆ ನೋಡಿಕೊಳ್ಳುತ್ತಾರೆ. ಅದೇ ತೊಂದರೆ. ಒಂದು ದಿನ ಏನೋ ಮನಸ್ಸಿಗೆ ಹತ್ತಿ ನಾನು ಮಾತು ಬಿಟ್ಟು ಕುರ್ಚಿಯಲ್ಲಿ ಕುಳಿತೆ. ನನ್ನ ಸರ್ವಶಕ್ತಿಯನ್ನೂ ಹಾಕಿ ಮುನಿಸಿಕೊಂಡೆ. ಸೊಸೆ ಬಿ.ಪಿ. ನೋಡುವ ಯಂತ್ರ ತಂದು ತೋಳಿಗೆ ಕಟ್ಟಿದಳು. ಮಗ ‘ಡಾಕ್ಟರ್‌ಗೆ ಫೋನ್ ಮಾಡ್ಲ್ಯಾ?’ ಎಂದ. ಬಿ.ಪಿ. ಸರಿಯಾಗಿತ್ತು. ಅವರು ಹೊರಟು ಹೋದ ಮೇಲೆ ಲಿಫ್ಟು ಇಳಿಯುವ ಸಪ್ಪಳ ಕೇಳುತ್ತ, ಒಬ್ಬಳೇ ನಕ್ಕೆ. ನಗುವುದಕ್ಕೂ ಜೊತೆ ಬೇಕು ಎಂದು ಆಗ ತಿಳಿಯಿತು. ಒಬ್ಬಳೇ ನಕ್ಕರೆ ಅದು ಕೆಮ್ಮಿನ ಹಾಗೆ ಕೇಳಿಸುತ್ತದೆ.

ಒಂದು ಮಧ್ಯಾಹ್ನ ಮಹಾಂತೇಶ ಬಂದ. ಸೊಲ್ಲಾಪುರದ ಡಾಕ್ಟರರ ಹತ್ತಿರ ತಾಯಿಯ ಗುಳಿಗೆ ಒಯ್ಯಲು ಬಂದವನು. ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು ಕುಳಿತ.

‘ಕಾಕು, ಅವ್ವಗ ಮರವು ಆಗ್ಯದ. ಈಗ ನನ್ನ ಗುರ್ತಾನೂ ಒಮ್ಮೊಮ್ಮೆ ಹತ್ತಂಗಿಲ್ಲ.’

ಯಾವಾಗಿನಿಂದ ಎಂದು ಕೇಳಿದೆ.

‘ಕಾಕಾ ಹೋಗೂಕ್ಕಿಂತ ಮೊದಲಿಂದ. ಆಗ ಆಕಿಗೆ ತಿಳೀತಿತ್ತು, ತಾನು ಮರ್ಯಾಕತ್ತೀನಿ ಅಂತ. ಶಶಿಗೆ ಹೇಳಬ್ಯಾಡ ಅಂತ ನನ್ನ ಕಡಿಂದ ಮಾತ ತಗೊಂಡಿದ್ಲು.’

‘ಯಾಕಂತ?’

‘ಹೇಳಿದ್ರ ಆಕಿ ಮುನಸ್ ಬಿಟ್ಟು ಕನಿಕರಕ್ಕ ಓಡಿ ಬರ್ತಾಳ, ಹಂಗ ಬರೂದು ಬ್ಯಾಡ ಅಂದ್ಲು.’

ಅವನು ಹೋದ ಮೇಲೆ ಆ ಮಾತನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತೆ. ಬೇನೆಯ ಹೆಸರು ಹೇಳಿ ನನ್ನನ್ನು ಕರೆಸಿಕೊಳ್ಳುವುದು ಸುಲಭವಿತ್ತು. ಆಕೆ ನನ್ನ ಮುನಿಸಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದಳು. ನಾನೋ, ಆಕೆಯ ಬೇನೆಯನ್ನು ಬಿಗುಮಾನ ಎಂದು ತಿಳಿದು ಸಿಟ್ಟಾಗಿ ಕುಳಿತಿದ್ದೆ.

ಮರುದಿನವೇ ಬಸ್ಸು ಹಿಡಿದೆ. ವಳಸಂಗದಲ್ಲಿ ಬಸ್ಸು ನಿಂತಾಗ ಅರ್ಧ ಊರೇ ಸೊಲ್ಲಾಪುರದ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತ ಆಚೆ ಬದಿಗೆ ನಿಂತಿತ್ತು. ಎಲ್ಲರೂ ಶಹರಕ್ಕೆ ಹೋಗುವ ಹೊತ್ತಿನಲ್ಲಿ ನಾನೊಬ್ಬಳೇ ಉಲ್ಟಾ ದಿಕ್ಕಿಗೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಬೈಯಬೇಕು, ಆಮೇಲೆ ಅಳಬೇಕು ಎಂದು ಠರಾಯಿಸಿದ್ದೆ.

ಮಹಾಂತೇಶನ ಹೆಂಡತಿ ವೈಶಾಲಿ ಲಾತೂರ ಕಡೆಯವಳು, ಅರ್ಧ ಕನ್ನಡ ಅರ್ಧ ಮರಾಠಿ. ಆಕೆ ಒಳಗೆ ಕರೆದುಕೊಂಡು ಹೋದಳು. ಸುಗಲಕ್ಕ ಕಿಟಕಿಯ ಪಕ್ಕ ಮಂಚದ ಮೇಲೆ ಕುಳಿತಿದ್ದಳು. ಸೊರಗಿದ್ದಳು. ನನ್ನನ್ನು ನೋಡಿದ್ದೇ ಸೆರಗು ಸರಿಮಾಡಿಕೊಂಡು ಹೇಳಿದಳು:

‘ಬರ್ರಿ. ಕೂಡ್ರಿ. ಯಾ ಊರ್ರಿ ನಿಮ್ಮದು?’

ನನ್ನ ಜೀವಮಾನದಲ್ಲಿ ಸುಗಲಕ್ಕ ನನಗೆ ‘ರಿ’ ಹಚ್ಚಿ ಮಾತಾಡಿರಲಿಲ್ಲ. ಲಟ್ಟಣಿಗೆ ಎತ್ತಿದ್ದಳು, ಬಾಯಿಗೆ ಬಂದಂತೆ ಬೈದಿದ್ದಳು. ಮರ್ಯಾದೆ ಮಾತ್ರ ಎಂದೂ ಕೊಟ್ಟಿರಲಿಲ್ಲ. ಆ ಒಂದು ಅಕ್ಷರ ಕೇಳಿ, ಪರವೂರಿನವಳ ಹಾಗೆ ಕುಳಿತೆ. ಬೈಯುವುದಕ್ಕೂ ಅಳುವುದಕ್ಕೂ ಆಕೆ ಜಾಗ ಉಳಿಸಿರಲಿಲ್ಲ.

‘ಸೊಲ್ಲಾಪುರ ರೀ’ ಎಂದೆ.

‘ಹೌದ? ನಾವೂ ಅಲ್ಲಿಯವ್ರೇ. ಮಂಗಳವಾರ ಪೇಠದಾಗ ಭಾಂಡೆ ಅಂಗಡಿ. ಅಲ್ಲಿ ನಮ್ಮ ನೆಗೆಣ್ಣಿ ಅದಾಳ, ಶಶಿಕಲಾ ಅಂತ. ನಿಮಗ ಗುರ್ತದ ಏನು?’

ವೈಶಾಲಿ ಏನೋ ಹೇಳಹೋದಳು. ನಾನು ಕೈಯಿಂದಲೇ ತಡೆದೆ. ಯಾಕೆ ತಡೆದೆನೋ ನನಗೂ ಗೊತ್ತಿಲ್ಲ.

‘ಗುರ್ತದ ರೀ’ ಎಂದೆ.

‘ಹೆಂಗದಾಳ?’

‘ಅದಾಳ್ರಿ. ಆರಾಮ.’

‘ನನ್ನ ಮ್ಯಾಲ ಮುನಸ್ಯಾಳ.’

‘ಸಿಟ್ಟಾಗಿರಬೇಕ್ರಿ’ ಎಂದೆ, ಒಳಗಿನ ಕಹಿ ತಡೆಯಲಾರದೆ.

ಸುಗಲಕ್ಕ ನನ್ನನ್ನು ಕನಿಕರದಿಂದ ನೋಡಿದಳು. ತಿಳಿಯದವರಿಗೆ ತಿಳಿಸಿ ಹೇಳುವವರ ದನಿಯಲ್ಲಿ ಹೇಳಿದಳು:

‘ಅಲ್ರಿ. ಸಿಟ್ಟಾಗಿದ್ರ ನನಗ ಕಾಳಜಿ ಇರ್ತಿದ್ದಿಲ್ಲ. ಸಿಟ್ಟು ಅಂದ್ರ ಹೋಗು ಅಂದಂಗ. ಮುನಸು ಅಂದ್ರ ಬಾ ಅಂದಂಗ. ಆಕಿ ಬಾ ಅನ್ನಾಕತ್ತಾಳ, ನನಗ ಹೋಗೂದು ಆಗವಲ್ದು. ಊರು ಎಲ್ಲಿ ಅದ, ಮನಿ ಎಲ್ಲಿ ಅದ, ತಿಳೀವಲ್ದು.’

ಅಷ್ಟು ವರ್ಷ ನಾನು ಮುನಿಸಿಕೊಂಡೇ ಬದುಕಿದವಳು. ಆ ಶಬ್ದದ ಅರ್ಥವನ್ನು ನನಗೆ ಹೇಳಿದವಳು, ನನ್ನನ್ನೇ ಮರೆತವಳು.

ಆಮೇಲೆ ಆಕೆ ತಾನಾಗಿಯೇ ಆ ಬೆಳಿಗ್ಗೆಯ ಮಾತು ತೆಗೆದಳು. ಈಗಿನದೆಲ್ಲ ಅಳಿಸಿಹೋಗಿತ್ತು, ಹಿಂದಿನದು ಮಾತ್ರ ಉಳಿದಿತ್ತು.

‘ನಾ ಹೊಂಟ ದಿನ ಆಕಿ ಬಚ್ಚಲಕ್ಕ ಹೋಗಿ ನಲ್ಲಿ ಬಿಟ್ಲು. ನೀರಿನ ಸಪ್ಪಳದಾಗ ಅಳೂದು ಕೇಳಂಗಿಲ್ಲ ಅಂತ ತಿಳಿದಿದ್ಲು ಹುಚ್ಚಿ. ನನಗ ಕೇಳ್ತಿತ್ತು. ನಾ ಕದದ ಮುಂದ ನಿಂತಿದ್ದೆ.’

‘ಮತ್ತ ಕದ ಯಾಕ ಬಡೀಲಿಲ್ರಿ?’ ನನ್ನ ದನಿಯ ಗುರುತು ನನಗೇ ಹತ್ತಲಿಲ್ಲ.

‘ಬಡದಿದ್ರ ಆಕಿ ತಗೀತಿದ್ಲು. ತಗದಿದ್ರ ನಾ ಹೋಗ್ತಿದ್ದಿಲ್ಲ. ಸಾಮಾನೆಲ್ಲ ಟೆಂಪೋದಾಗ ಹೇರಿತ್ತು. ಹುಡುಗನ ಅಂಗಡಿ ಇಡೂದಿತ್ತು. ಆಕಿ ಸಿಕ್ರ ಹೇಳ್ರಿ, ನಾ ನಿಂತಿದ್ದೆ ಅಂತ.’

‘ಹೇಳ್ತೀನ್ರಿ’ ಎಂದೆ.

ಹೀಗೆ ನಾನು ನನಗೂ ಸುಗಲಕ್ಕನಿಗೂ ನಡುವೆ ಸುದ್ದಿ ಒಯ್ಯುವವಳಾದೆ. ಗುರುವಾರ ಅಕ್ಕಲಕೋಟಕ್ಕೆ ಭಕ್ತರ ಗದ್ದಲ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಮಂಗಳವಾರ ಇಟ್ಟುಕೊಂಡೆ. ಮುಂದಿನ ವಾರ ಹೋದಾಗ ಸುಗಲಕ್ಕ ಕೇಳಿದಳು, ‘ಹೇಳಿದ್ರೇನು?’ ಹೇಳಿದೆ ಎಂದೆ. ‘ಏನಂದ್ಲು?’ ನಾನು ಯೋಚಿಸಬೇಕಾಯಿತು. ಶಶಿಕಲಾ ಏನು ಅಂದಾಳು? ‘ಅತ್ತಳ್ರಿ’ ಎಂದೆ. ‘ಅಳಲಿ, ಹಗರಾಗ್ತಾಳ’ ಎಂದು ಸುಗಲಕ್ಕ ಸಮಾಧಾನದಿಂದ ಎಲೆಯಡಿಕೆ ಕೇಳಿದಳು.

ಕೆಲವು ವಾರ ಆಕೆಗೆ ಹಿಂದಿನ ಮಾತು ನೆನಪಿರುತ್ತಿತ್ತು. ಕೆಲವು ವಾರ ಏನೂ ಇರುತ್ತಿರಲಿಲ್ಲ, ಮತ್ತೆ ಊರು ಕೇಳುವುದರಿಂದ ಶುರು. ಎಷ್ಟೋ ಸಲ ನಾನು ಇಳಿಸಿ ಬಂದ ಮುನಿಸು ಮುಂದಿನ ಮಂಗಳವಾರ ಇದ್ದಲ್ಲೇ ಇರುತ್ತಿತ್ತು. ನಾನು ಬೇಸರಪಡಲಿಲ್ಲ. ನನಗೆ ಬೇರೆ ಕೆಲಸವೇನಿತ್ತು? ಅದೂ ಅಲ್ಲದೆ, ಶಶಿಕಲಾಳ ಪರವಾಗಿ ಮಾತಾಡುತ್ತ ಆಡುತ್ತ ನಾನು ಆಕೆಯನ್ನು ಸ್ವಲ್ಪ ತಿದ್ದಿದೆ. ನಾನು ಆಡದ ಒಳ್ಳೆಯ ಮಾತುಗಳನ್ನು ಆಕೆಯ ಬಾಯಲ್ಲಿ ಇಟ್ಟೆ. ‘ಅಕ್ಕನ ಕೈಯಿಂದ ಬೈಸಿಕೊಳ್ಳದಽ ಊಟ ರುಚಿ ಹತ್ತವಲ್ದು ಅಂದ್ಲ್ರಿ’ ಎಂದೆ ಒಮ್ಮೆ. ಸುಗಲಕ್ಕ ಹಿಗ್ಗಿದಳು. ‘ಮಾತು ಕಲತಾಳ’ ಎಂದಳು.

ಆದರೆ ತಿರುಗಿ ಬರುವ ಬಸ್ಸಿನಲ್ಲಿ ನನಗೆ ಒಂದು ವಿಚಿತ್ರ ಸಂಕಟವಾಗುತ್ತಿತ್ತು. ಶಶಿಕಲಾಳ ಮೇಲೆ ಹೊಟ್ಟೆಕಿಚ್ಚು. ಸುಗಲಕ್ಕ ದಾರಿ ಕಾಯುತ್ತಿದ್ದದ್ದು ಆಕೆಯದು. ನೆನಸಿ ನಗುತ್ತಿದ್ದದ್ದು ಆಕೆಯನ್ನು. ನಾನು ಬರಿಯ ಸೊಲ್ಲಾಪುರದ ಬಾಯಿ, ಸುದ್ದಿ ತರುವವಳು, ‘ಬರ್ರಿ ಕೂಡ್ರಿ’ಗೆ ಮಾತ್ರ ಬಾಧ್ಯಸ್ಥಳು. ಕಿಟಕಿಯಾಚೆ ಹೊಲಗಳು ಓಡುತ್ತಿದ್ದವು. ಪಕ್ಕದಲ್ಲಿ ಕುಳಿತವರು ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ತನ್ನನ್ನು ತಾನೇ ಕಂಡು ಕರುಬುವಷ್ಟು ಒಂಟಿಯಾದವಳು ಆ ಬಸ್ಸಿನಲ್ಲಿ ನಾನೊಬ್ಬಳೇ ಇದ್ದಿರಬೇಕು.

ಒಮ್ಮೆ ತಡೆಯಲಾಗಲಿಲ್ಲ. ಆಕೆಯ ಕೈ ಹಿಡಿದು, ‘ಅಕ್ಕಾ, ನಾನಽ ಶಶಿ. ನೋಡಿಲ್ಲಿ’ ಎಂದುಬಿಟ್ಟೆ. ಸುಗಲಕ್ಕ ನನ್ನ ಮುಖವನ್ನು ತಾಳ್ಮೆಯಿಂದ ನೋಡಿದಳು. ಬಿಳಿಗೂದಲು ನೋಡಿದಳು, ಬರಿಯ ಹಣೆ ನೋಡಿದಳು, ಮೂಗಿನ ಮೇಲಿನ ಚಾಳೀಸು ನೋಡಿದಳು. ಆಮೇಲೆ ನನ್ನ ಕೈಯನ್ನು ತಟ್ಟಿ, ನನಗೆ ನೋವಾಗದಂತೆ ಹೇಳಿದಳು:

‘ನೀವು ವಯಸ್ಸಾದವ್ರು ಬಾಯಿ. ನಮ್ಮ ಶಶಿ ಸಣ್ಣಾಕಿ ಇದ್ದಾಳ.’

ಮತ್ತೆಂದೂ ಆ ಪ್ರಯತ್ನ ಮಾಡಲಿಲ್ಲ. ಯಾರದೋ ನೆನಪಿನಲ್ಲಿ ಸಣ್ಣಾಕಿಯಾಗಿ ಉಳಿಯುವುದು ಕಡಿಮೆ ಭಾಗ್ಯವೇನಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಒಪ್ಪಿತು ಎಂದು ಹೇಳಲಾರೆ.

ಇದಾಗಿ ಕೆಲವು ತಿಂಗಳು ಕಳೆದವು. ಈ ಚಳಿಗಾಲದಲ್ಲಿ ನನ್ನ ಮೊಣಕಾಲು ಹಿಡಿದುಕೊಂಡು ಒಂದು ಮಂಗಳವಾರ ಹೋಗಲಾಗಲಿಲ್ಲ. ಫೋನ್ ಮಾಡಿ ಹೇಳೋಣವೆಂದರೆ, ಯಾರು ಬರುವುದಿಲ್ಲ ಎಂದು ಹೇಳುವುದು? ಹೆಸರಿಲ್ಲದವಳು ನಾನು. ಬಂದರೆ ಬಂದೆ, ಬರದಿದ್ದರೆ ಆಕೆಗೆ ತಿಳಿಯುವುದೂ ಇಲ್ಲ ಎಂದು ಸುಮ್ಮನಾದೆ.

ಮರುವಾರ ಹೋದಾಗ ವೈಶಾಲಿ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಪೇಚಾಡುತ್ತ ಹೇಳಿದಳು. ಹೋದ ಮಂಗಳವಾರ ಅತ್ತೆ ಸಂಜೆಯವರೆಗೂ ಬಾಗಿಲ ಕಡೆ ನೋಡುತ್ತ ಕುಳಿತಿದ್ದರಂತೆ. ಇವತ್ತು ಬೆಳಿಗ್ಗೆ ‘ಸೊಲ್ಲಾಪುರದವ್ರು ಬರ್ತಾರ’ ಎಂದು ಹೇಳಿದ್ದಕ್ಕೆ ಮುಖ ತಿರುಗಿಸಿದ್ದಾರಂತೆ, ಚಹಾ ಕೂಡ ಮುಟ್ಟಿಲ್ಲವಂತೆ. ‘ಆಈ ಚಿಡಲ್ಯಾರ ಕಾಕು, ನಿಮ್ಮ ಮ್ಯಾಲ. ಮನಸಿಗೆ ಹಚ್ಕೋಬ್ಯಾಡ್ರಿ. ಬೇನಿ ಮನಷ್ಯಾರು’ ಎಂದು ಅವಳು ಅತ್ತೆಯ ಪರವಾಗಿ ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು.

ಚಿಡಲ್ಯಾರ ಎಂದರೆ ಸಿಟ್ಟಾಗಿದ್ದಾರೆ. ನಾನು ಒಳಗೆ ಹೋದೆ. ಸುಗಲಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ಚಪ್ಪಲಿಯ ಸಪ್ಪಳ ಕೇಳಿದ್ದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ‘ಬರ್ರಿ’ ಎನ್ನಲಿಲ್ಲ. ‘ಕೂಡ್ರಿ’ ಎನ್ನಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಕೊನೆಗೆ ಗೋಡೆಯ ಕಡೆಯಿಂದಲೇ ದನಿ ಬಂತು:

‘ಹ್ವಾದ ವಾರ ಯಾಕ ಬರಲಿಲ್ಲ ನೀ?’

ನಾನು ಶಶಿ ಎಂದು ಆಕೆಗೆ ಗುರುತು ಹತ್ತಿರಲಿಲ್ಲ. ಅದರಲ್ಲಿ ನನಗೆ ಅನುಮಾನವಿಲ್ಲ. ಆಕೆ ಕೇಳಿದ್ದು ಸೊಲ್ಲಾಪುರದ ಆ ಬಾಯಿಯನ್ನೇ, ಊರು ಹೆಸರು ನೆನಪಿಲ್ಲದ, ಮಂಗಳವಾರ ಬರುವ ಆ ವಯಸ್ಸಾದವಳನ್ನೇ. ನನ್ನನ್ನೇ.

ಮೊಣಕಾಲಿನ ಕಥೆ ಹೇಳಬಹುದಿತ್ತು. ಅದು ಸಿಟ್ಟಿಗೆ ಕೊಡುವ ಉತ್ತರ, ಮುನಿಸಿಗೆ ಕಾರಣಗಳನ್ನು ಕೊಟ್ಟು ಪ್ರಯೋಜನವಿಲ್ಲ. ಆಗ ನನಗೆ ಒಂದು ವಿಷಯ ಹೊಳೆದು ಸ್ವಲ್ಪ ಗಾಬರಿಯಾಯಿತು. ಇಷ್ಟು ವರ್ಷ ಮುನಿಸಿಕೊಂಡವಳು ನಾನು, ಮುನಿಸು ಇಳಿಸಿ ರಮಿಸಿದವರು ಬೇರೆಯವರು. ರಮಿಸುವುದು ಹೇಗೆ ಎಂದು ನಾನು ಕಲಿತೇ ಇರಲಿಲ್ಲ. ಮಂಚದ ಅಂಚಿಗೆ ಸರಿದು ಕುಳಿತೆ. ಸೆರಗಿನ ಹೊರಗೆ ಬಿದ್ದಿದ್ದ ಆಕೆಯ ಬಿಳಿಯ ಜಡೆ ಬಿಚ್ಚಿಹೋಗಿತ್ತು. ಅದನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಬಿಡಿಸಿ ಹೆಣೆಯತೊಡಗಿದೆ. ಸುಗಲಕ್ಕ ಜಡೆಯನ್ನು ಎಳೆದುಕೊಳ್ಳಲಿಲ್ಲ. ತಿರುಗಿ ನೋಡಲೂ ಇಲ್ಲ.

ನೋಡದಿದ್ದರೆ ಇರಲಿ. ನಾನೂ ಸುಲಭವಾಗಿ ತಿರುಗಿದವಳಲ್ಲ. ವೈಶಾಲಿ ಬಾಗಿಲಿಂದ ಹಣಿಕಿ, ನಿಮ್ಮ ಬಸ್ಸಿನ ಹೊತ್ತಾಯಿತು ಎಂದು ಸನ್ನೆ ಮಾಡಿದಳು. ಇನ್ನೊಂದು ಬಸ್ಸಿದೆ ಎಂದು ನಾನೂ ಸನ್ನೆಯಲ್ಲೇ ಹೇಳಿದೆ.